ಮೇಜು ಹಿಡಿಸುವ ಕೋಣೆ

ಹಿತ್ತಿಲ ಕಡೆ ಎರಡು ಕೋಣೆ ಕಟ್ಟಿಸುವುದೆಂದು ತೀರ್ಮಾನವಾದ ದಿನವೇ ಅಣ್ಣ ತಂಗಿಗೆ ಹೇಳಿಬಿಟ್ಟ: "ದೊಡ್ಡದು ನನಗೆ, ಚಿಕ್ಕದು ನಿನ್ನ ಹೊಲಿಗೆಗೆ. ಆದ್ರೆ ಆ ಮೇಜು ಮಾತ್ರ ಒಳಗೆ ಹಿಡಿಸಲ್ಲ. ಯಾರಿಗಾದ್ರೂ ಕೊಟ್ಟುಬಿಡು."

ಕೊಟ್ಟುಬಿಡಬೇಕಂತೆ! ಬಟ್ಟೆ ಕತ್ತರಿಸುವ ಮೇಜಿಲ್ಲದೆ ದರ್ಜಿ ಏನು ಮಾಡಬೇಕು? ನೆಲದ ಮೇಲೆ ಬಟ್ಟೆ ಹರಡಿಕೊಂಡು ಕೂರಲು ಅವಳ ಮಂಡಿ ಎಂದೋ ಮುಷ್ಕರ ಹೂಡಿತ್ತು. ಮೇಜು ಹೋದರೆ ಹೊಲಿಗೆಯೂ ಹೋದಂತೆಯೇ. ಆದರೆ ಅಣ್ಣನಿಗೆ ಬಾಯಲ್ಲಿ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆಗರೆದಂತೆ. ಅವನಿಗೆ ಕಣ್ಣಾರೆ ಕಾಣಬೇಕು. ಸರಿ, ರಟ್ಟಿನಲ್ಲಿ ಕೋಣೆ ಕಟ್ಟಿಯೇ ತೋರಿಸುತ್ತೇನೆ ಎಂದು ಹಟ ತೊಟ್ಟಳು.

ಗುರುವಾಗಿ ಸಿಕ್ಕಿದ್ದು ಅಣ್ಣನ ಮಗಳು, ಕಾಲೇಜಿನಲ್ಲಿ ಕಟ್ಟಡಗಳ ಮಾದರಿ ಮಾಡಿ ಬೆರಳ ತುಂಬ ಅಂಟು ಮೆತ್ತಿಕೊಂಡು ಬರುವ ಹುಡುಗಿ.

"ಮಡಚೋ ಕಡೆ ಬ್ಲೇಡನ್ನ ಅರ್ಧ ಆಳಕ್ಕಷ್ಟೇ ಎಳೀಬೇಕು ಅತ್ತೆ. ಮೇಲಿನ ಪದರ ಸೀಳ್ಬೇಕು, ಕೆಳಗಿಂದು ಹಾಗೇ ಇರ್ಬೇಕು."

ಮೊದಲ ರಟ್ಟು ಎರಡು ತುಂಡಾಯಿತು. ಎರಡನೆಯದು ಮಡಚಿಕೊಂಡಿತು. ಅದಕ್ಕೆ ಅಂಟು ಹಚ್ಚಿ ಪೆಟ್ಟಿಗೆ ನಿಲ್ಲಿಸಿದಳು, ಅಂಟಿಸಿದ ಪಟ್ಟಿಗಳೆಲ್ಲ ಹೊರಗೆ, ಚಂದದ ಮೈ ಒಳಗೆ. ಆಮೇಲೆ ಮೂಲೆಯೊಳಗೆ ಕೈ ತೂರಿಸಿ ಜಗ್ಗತೊಡಗಿದಳು.

"ಅತ್ತೆ! ಏನ್ ಮಾಡ್ತಿದ್ದೀರ?"

"ಒಳಗಿಂದು ಹೊರಗೆ ಮಾಡ್ತಿದ್ದೀನಿ ಕಣೇ."

"ಅಯ್ಯೋ, ಅದೇನು ದಿಂಬಿನ ಚೀಲಾನಾ?"

ಪೆಟ್ಟಿಗೆ ಪರ್‍ರನೆ ಹರಿಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಾಗೇ ಕಲಿತಳು. ರಟ್ಟಿನೊಳಗಿನ ಗೆರೆಗಳ ಜೊತೆ ಸಾಗಿದರೆ ಅದು ಬಾಗುತ್ತದೆ, ಅಡ್ಡ ಹೋದರೆ ಮುರಿಯುತ್ತದೆ. ಮೇಜಿನ ಅಂಚಿಗೆ ಒತ್ತಿ ಎಳೆದರೆ ದುಂಡಗಾಗುತ್ತದೆ. ಅಂಚಿಗೆ ಅಂಚು ತಾಗಿಸಿ ನಿಲ್ಲಿಸುವಾಗ ಒಳಗಡೆ ಕಾಗದದ ಪಟ್ಟಿ ಅಂಟಿಸಿದರೆ ಜೋಡಣೆ ಕಾಣುವುದೇ ಇಲ್ಲ. ಇದಿಷ್ಟು ಕೈಗೆ ಹತ್ತಿದ ಮೇಲೆ, ಒಂದಡಿಗೆ ಒಂದಿಂಚಿನ ಲೆಕ್ಕದಲ್ಲಿ ತನ್ನ ಕೋಣೆಯನ್ನು ತಾನೇ ಕತ್ತರಿಸಿ ಕಟ್ಟಿದಳು. ಪುಟ್ಟ ಮೇಜೊಂದನ್ನೂ ಮಾಡಿಟ್ಟಳು.

ಅಣ್ಣ ಮೇಜನ್ನು ಎರಡು ಬೆರಳಲ್ಲಿ ಎತ್ತಿ ಕೋಣೆಯೊಳಗಿಟ್ಟ. ಸಲೀಸಾಗಿ ಕೂತಿತು.

"ಅರೆ, ಹಿಡಿಸ್ತಲ್ಲೇ! ನನ್ನದೇ ಲೆಕ್ಕ ತಪ್ಪು. ಇರ್ಲಿ ಬಿಡು ನಿನ್ನ ಮೇಜು."

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಖುಷಿಯಲ್ಲಿ ಮಾದರಿಗೊಂದು ಮುಚ್ಚಳ ಮಾಡೋಣವೆಂದು ಗೋಡೆಗೆ ಅಳತೆ ಪಟ್ಟಿ ಹಿಡಿದಳು. ಇರಬೇಕಾದ್ದಕ್ಕಿಂತ ಒಂದಿಂಚು ಜಾಸ್ತಿ. ಮತ್ತೆ ಹಿಡಿದಳು. ಆಗಲೂ ಅಷ್ಟೇ ಜಾಸ್ತಿ. ಕತ್ತರಿಸುವಾಗ ಅವಳ ಹಾಳು ಕೈ ತನ್ನ ಪಾಡಿಗೆ ತಾನು ಎರಡೂ ಕಡೆ ಹೊಲಿಗೆಗೆಂದು ಅರ್ಧರ್ಧ ಇಂಚು ಬಿಟ್ಟಿತ್ತು! ರಟ್ಟಿಗೆಲ್ಲಿಯ ಹೊಲಿಗೆ? ಮೇಜಿನ ಹಲಗೆ ಜೋಡಣೆಯಿಲ್ಲದ ಒಂದೇ ತುಂಡು, ಅದು ಮಾತ್ರ ಸರಿಯಳತೆ. ಹಿಡಿಸದೆ ಏನು ಮಾಡೀತು?

ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೆ ಮೇಜು ಉಳಿಯುತ್ತದೆ, ಗೋಡೆ ಎದ್ದ ಮೇಲೆ ಮಾನ ಹೋಗುತ್ತದೆ. ಅಣ್ಣನಿಗೆ ಮೋಸ ಮಾಡಿದ ಹಾಗೂ ಆಗುತ್ತದೆ. ಮಾದರಿಯನ್ನು ಎತ್ತಿಕೊಂಡು ಹೋಗಿ ಅವನ ಮುಂದಿಟ್ಟಳು.

"ಅಣ್ಣ, ನೀನು ಹೇಳಿದ್ದೇ ಸರಿ. ನಾನು ಹೊಲಿಗೆಗೆ ಅಂತ ಜಾಸ್ತಿ ಬಿಟ್ಟುಬಿಟ್ಟಿದ್ದೀನಿ. ನಿಜವಾದ ಕೋಣೆ ಒಂದಡಿ ಚಿಕ್ಕದು. ಮೇಜು ಹಿಡಿಸಲ್ಲ."

ಅಣ್ಣ ಅವಳನ್ನೂ ಮಾದರಿಯನ್ನೂ ನೋಡಿದ. ಮಗಳನ್ನು ಕೂಗಿದ.

"ನಕ್ಷೆ ತಗೊಂಡು ಬಾರೇ. ನಡುಗೋಡೆನ ಒಂದಡಿ ನನ್ನ ಕಡೆಗೆ ಸರಿಸು."

"ಬೇಡಣ್ಣ, ನಿನ್ನ ಕೋಣೆ ಚಿಕ್ಕದಾಗುತ್ತೆ."

"ಸುಮ್ನಿರೇ. ನನ್ನ ಹೊಟ್ಟೆ ಬೆಳೆದಾಗೆಲ್ಲ ಅಂಗಿ ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಟ್ಟವಳು ನೀನು. ಬಟ್ಟೆ ಸಾಲಲ್ಲ ಅಂತ ಒಂದು ದಿನಾನೂ ಅಂದಿಲ್ಲ. ಗೋಡೆ ಸರಿಸೋಕೆ ನನಗೇನು ಧಾಡಿ?"