ಅಕ್ಕನ ಕಪ್ಪು ಶಾಲು

ಹಲ್ಲಿನ ಡಾಕ್ಟರಿಗೆ ಭಾನುವಾರ ಬಂತೆಂದರೆ ಕೈ ಸುಮ್ಮನಿರುವುದಿಲ್ಲ. ವಾರವೆಲ್ಲ ಊರವರ ಹಲ್ಲು ಉಜ್ಜಿದ್ದು ಸಾಲದೆಂದು ಬಾಲ್ಕನಿಯಲ್ಲಿ ಕೂತು ಮರ ಉಜ್ಜುತ್ತಾರೆ. ಅವರ ಹಳೆಯ ಸ್ಯಾಂಡರ್ ಯಂತ್ರ ಮರ ಉಜ್ಜಿದ್ದಕ್ಕಿಂತ ಧೂಳು ಉಗುಳಿದ್ದೇ ಹೆಚ್ಚು. ಆ ಧೂಳೆಲ್ಲ ನೇರವಾಗಿ ಕೆಳಗಿನ ಮನೆಯ ಅಕ್ಕ ಒಗೆದು ಹಾಕಿದ ಬಟ್ಟೆಯ ಮೇಲೆ ಬೀಳುತ್ತಿತ್ತು.

ಅಕ್ಕ ಸಾಮಾನ್ಯದವರಲ್ಲ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಸರ್ಜನ್‌ಗಳೇ ಅವರೆದುರು ಬಾಲ ಮುದುರಿಕೊಂಡು ಓಡಾಡಿದ್ದುಂಟು. ಒಂದು ದಿನ ಮೆಟ್ಟಿಲು ಹತ್ತಿ ಬಂದವರೇ ಯಂತ್ರದ ವಯರು ಕಿತ್ತರು.

"ಇನ್ನೊಂದು ಸಲ ಧೂಳು ಬಿತ್ತೋ, ಓನರಿಗೆ ಹೇಳಿ ನಿಮ್ಮ ಈ ಆಟ ಬಂದ್ ಮಾಡಿಸ್ತೀನಿ. ಉಗುಳದೇ ಇರೋ ಹೊಸದು ತಗೊಳ್ಳಿ. ಆರಿಸೋಕೆ ನಾನೂ ಬರ್ತೀನಿ."

ಡಾಕ್ಟರಿಗೆ ಜೀವ ಬಾಯಿಗೆ ಬಂತು. ಬಾಲ್ಕನಿ ಹೋದರೆ ಅವರ ಭಾನುವಾರವೇ ಹೋದಂತೆ.

ಅಂಗಡಿಯಲ್ಲಿ ಡಾಕ್ಟರು ವೇಗವೆಷ್ಟು, ವಾಟ್ ಎಷ್ಟು ಎಂದು ವಿಚಾರಿಸುತ್ತಿದ್ದರೆ, ಅಕ್ಕ ಬ್ಯಾಗಿನಿಂದ ಕಪ್ಪು ಶಾಲು ತೆಗೆದು ಕೌಂಟರಿನ ಮೇಲೆ ಹಾಸಿದರು. "ಇದರ ಮೇಲೆ ಹಲಗೆ ಇಟ್ಟು ಉಜ್ಜಿ ತೋರಿಸಪ್ಪ."

ಮೊದಲನೆಯದು ಶಾಲಿಗೆ ಪೌಡರ್ ಬಳಿಯಿತು. ಎರಡನೆಯದು ಅಂಗಡಿಯವನ ಮೀಸೆಯನ್ನೂ ಬಿಡಲಿಲ್ಲ. ಮೂರನೆಯದಕ್ಕೆ ಹಿಂದೆ ಧೂಳು ಹಿಡಿಯುವ ಚೀಲವಿತ್ತು. ಶಾಲು ಕಪ್ಪಗೇ ಉಳಿಯಿತು.

"ಕೊಡಿಲ್ಲಿ" ಎಂದು ಅಕ್ಕ ಯಂತ್ರ ಕಸಿದುಕೊಂಡರು. ಒರಟು ಹಲಗೆ ಅವರ ಕೈಕೆಳಗೆ ನುಣುಪಾಯಿತು. ಬೆರಳಿಂದ ಸವರಿ ನೋಡಿದರು, ಮತ್ತೆ ಸವರಿದರು. ಆ ಮುಖದಲ್ಲಿ ನಗು ಕಂಡು ಡಾಕ್ಟರಿಗೆ ಯಾಕೋ ಅನುಮಾನವಾಯಿತು.

ಅನುಮಾನ ಸುಳ್ಳಾಗಲಿಲ್ಲ. "ಧೂಳು ಬರಲ್ಲ ಅಂತ ಖಾತ್ರಿ ಮಾಡ್ಕೊಂಡು ಕೊಡ್ತೀನಿ" ಎಂದು ಅಕ್ಕ, ಡಾಕ್ಟರು ದುಡ್ಡು ಕೊಟ್ಟು ಕೊಂಡ ಯಂತ್ರವನ್ನು ತಮ್ಮ ಮನೆಗೇ ಒಯ್ದರು. ಭಾನುವಾರ ಬಂತು, ಹೋಯಿತು, ಇನ್ನೊಂದೂ ಬಂತು. ಕೆಳಗೆ ಗುರ್ರೆನ್ನುವ ಸದ್ದು. ಮೇಲೆ ಅರ್ಧಂಬರ್ಧ ಕಪಾಟಿನ ಮುಂದೆ ಕೈಕಟ್ಟಿ ಕೂತ ಡಾಕ್ಟರು.

"ಹೋಗಿ ಕೇಳಬಾರದಾ?" ಎಂದಳು ಹೆಂಡತಿ.

"ನೀನೇ ಕೇಳು."

ಅವಳೂ ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ಅಕ್ಕನಿಗೂ ಕೆಳಗೆ, ನೆಲಮಹಡಿಯಲ್ಲಿದ್ದ ವಕೀಲರ ಕೂಗು ಕೇಳಿಸಿತು. "ಯಾರದು? ಒಣಹಾಕಿದ ಕರಿ ಕೋಟು ಬೂದಿ ಬಳ್ಕೊಂಡಂಗಿದೆ! ಇವತ್ತೇ ಓನರಿಗೆ ಹೇಳ್ತೀನಿ!"

ಡಾಕ್ಟರು ಬಗ್ಗಿ ನೋಡಿದರು. ಕೆಳಗಿನ ಬಾಲ್ಕನಿಯಲ್ಲಿ ಅಕ್ಕ ತಲೆಯಿಂದ ಕಾಲಿನವರೆಗೂ ಬೆಳ್ಳಗಾಗಿದ್ದರು. ಕೈಗೆ ತೊಡಕೆಂದು ಯಂತ್ರದ ಆ ಧೂಳಿನ ಚೀಲವನ್ನೇ ಕಿತ್ತು ಪಕ್ಕಕ್ಕಿಟ್ಟಿದ್ದರು.

"ನಾನಲ್ಲಪ್ಪ, ಮೇಲಿಂದ ಬಿದ್ದಿರಬೇಕು" ಎಂದು ಬೆರಳು ಮೇಲೆ ಮಾಡಿದವರು ಡಾಕ್ಟರನ್ನು ಕಂಡು ಹಾಗೇ ನಿಂತುಬಿಟ್ಟರು.

ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದೂಬಿಟ್ಟರು. ಆದರೆ ಅಕ್ಕನ ಕಾಲ ಬಳಿ ಅವರೇ ಉಜ್ಜಿದ, ನುಣ್ಣಗೆ ಹೊಳೆಯುವ ಪುಟ್ಟ ಸ್ಟೂಲಿತ್ತು. ಅದನ್ನು ಬಚ್ಚಿಡುವಂತೆ ಅವರು ಮುಂದೆ ನಿಂತಿದ್ದರು. ಪಾಪ ಅನ್ನಿಸಿತು.

"ನಂದೇ ಧೂಳು ವಕೀಲರೇ. ತಪ್ಪಾಯ್ತು."

"ಹಾಗಾದ್ರೆ ಓನರಿಗೆ..."

"ಓನರಿಗ್ಯಾಕೆ?" ಅಕ್ಕನ ಆಸ್ಪತ್ರೆಯ ದನಿ ಗುಡುಗಿತು. "ಡಾಕ್ಟರು ತಪ್ಪಾಯ್ತು ಅಂದ್ರಲ್ಲ! ಕೋಟು ಇಲ್ಲಿ ಕೊಡಿ, ನಾನು ಒಗೆದು ಕೊಡ್ತೀನಿ."

ವಕೀಲರು ವಾದವನ್ನೇ ಮರೆತು ಕೋಟು ಕೊಟ್ಟರು.

ಸಂಜೆ ಅಕ್ಕ ಮೇಲೆ ಬಂದರು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಚೀಲ ಸಿಕ್ಕಿಸಿದ ಯಂತ್ರ.

"ಸ್ಟೂಲು ನಿಮಗೆ. ಯಂತ್ರ ಬೆಳಿಗ್ಗೆ ನಿಮಗೆ, ಮಧ್ಯಾಹ್ನ ನಂಗೆ."

ಡಾಕ್ಟರು ಸ್ಟೂಲನ್ನು ಸವರುತ್ತ, ಹೆದರುತ್ತಲೇ ಕೇಳಿದರು. "ಮತ್ತೆ ನಿಮ್ಮ ಬಟ್ಟೆ ಮೇಲೆ ಧೂಳು ಬಿದ್ರೆ?"

"ಬಿದ್ರೆ ಬೀಳ್ಲಿ ಬಿಡಿ. ಒಗೆಯೋದು ನಂಗೇನು ಹೊಸದಾ?"