ಸಾಕು ಅನ್ನುವವರೆಗೆ ಮಾಂಸದುಂಡೆ

ಡ್ವೇನ್ ಟೋರ್ವಿಕ್ ತನ್ನ ಹೋಟೆಲಿನ ಗಾಜಿಗೆ ಅಂಟಿಸಿದ್ದ ಬೋರ್ಡು ಓದಿದರೆ ಅವನಷ್ಟು ಧಾರಾಳಿ ಅಮೆರಿಕದ ಇಡೀ ಮಿನ್ನೆಸೋಟ ರಾಜ್ಯದಲ್ಲೇ ಇಲ್ಲ ಅನ್ನಬೇಕು. 'ಬುಧವಾರ ಮಾಂಸದುಂಡೆ ಊಟ. ನೀವು ಸಾಕು ಅನ್ನುವವರೆಗೆ ಬಡಿಸುತ್ತೇವೆ. ಬೆಲೆ ಒಂದೇ.' ಊರಿನವರೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಬಂದರು. ಬಂದವರೆಲ್ಲ ಒಂದೇ ತಟ್ಟೆ ಉಂಡು, ಅರೆಹೊಟ್ಟೆಯಲ್ಲಿ ಎದ್ದು, ಡ್ವೇನನಿಗೆ ಥ್ಯಾಂಕ್ಸ್ ಹೇಳಿ, ಮನೆಗೆ ಹೋಗಿ ಬ್ರೆಡ್ಡು ತಿಂದು ಮಲಗಿದರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ವಿಷಯ ಇಷ್ಟೇ. ಆ ಊರಿನಲ್ಲಿ ಮೊದಲ ಸಲ ಕೇಳಿದಾಗಲೇ ಹ್ಞೂಂ ಅನ್ನುವವನು ಹೊಟ್ಟೆಬಾಕ. ಕಾಫಿಯಾಗಲಿ ಕೇಕಾಗಲಿ, ಮೊದಲು ಬೇಡ ಅನ್ನಬೇಕು. ಮತ್ತೆ ಕೇಳಿದರೆ, ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ ಕೇಳಿದಾಗ, ನೀವು ಇಷ್ಟು ಹೇಳ್ತೀರಂದ್ರೆ ಒಂಚೂರು, ಎಂದು ತಟ್ಟೆ ಮುಂದೆ ಮಾಡಬೇಕು. ಡ್ವೇನನೂ ಅಲ್ಲೇ ಹುಟ್ಟಿ ಬೆಳೆದವನು. ಅದಕ್ಕೇ ಅವನು ಒಂದೇ ಸಲ ಕೇಳುತ್ತಿದ್ದ.

ಆರ್ಡಿಸ್ ಲಿಂಡ್‌ಕ್ವಿಸ್ಟ್ ಒಂದು ಬುಧವಾರ ಗಂಡ ವರ್ಲಿನನನ್ನು ಅಲ್ಲಿಗೆ ಕರೆತಂದಳು. ಚಳಿಗಾಲದಲ್ಲಿ ಹೊಟ್ಟೆಯ ಆಪರೇಷನ್ ಆದಮೇಲೆ ಅವನಿಗೆ ಊಟವೇ ಸೇರುತ್ತಿರಲಿಲ್ಲ. ಅವಳು ಸೂಪು ಹಿಡಿದು ಹಿಂದೆ ಬಿದ್ದರೂ ಬೇಡ, ಕೇಳಿ ಕೇಳಿ ಅವಳ ಗಂಟಲು ಒಣಗಿದರೂ ಬೇಡ. ಅವನ ಬೇಡ ನಿಜವಾಗಿಯೂ ಬೇಡವೇ ಆಗಿತ್ತು, ಅದು ಅವಳ ಎದೆ ನಡುಗಿಸಿತ್ತು. ಅಂಥವನು ಆ ಬೆಳಿಗ್ಗೆ ತಾನಾಗಿಯೇ, ಮಾಂಸದುಂಡೆ ತಿನ್ನಬೇಕು ಅನ್ನಿಸ್ತಿದೆ ಅಂದಿದ್ದ. ಕೋಟು ಹುಡುಕುವ ನೆಪದಲ್ಲಿ ಆರ್ಡಿಸ್ ಒಳಗೆ ಹೋಗಿ ಅತ್ತು ಬಂದಿದ್ದಳು.

ವರ್ಲಿನ್ ತಟ್ಟೆ ಬಳಿದು ತಿಂದ. ಡ್ವೇನ್ ಬೋಗುಣಿ ಹಿಡಿದು ಬಂದು, ನಡೆಯುತ್ತಲೇ ಇನ್ನೂ ಹಾಕ್ಲಾ ಅಂದ. ವರ್ಲಿನನ ನಾಲಗೆ ಅಭ್ಯಾಸಬಲದಿಂದ, ಅಯ್ಯೋ ಬೇಡಪ್ಪ, ಸಾಕು ಅಂದುಬಿಟ್ಟಿತು. ಡ್ವೇನ್ ತಟ್ಟೆ ಎತ್ತಿಕೊಂಡು ಹೊರಟೇಹೋದ. ವರ್ಲಿನನ ಕಣ್ಣು ಬೋಗುಣಿಯ ಹಿಂದೆಯೇ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಸಪ್ಪಗೆ ವಾಪಸಾಯಿತು. ಎಷ್ಟೋ ತಿಂಗಳ ಮೇಲೆ ಅವನ ಬೇಡ ಸುಳ್ಳಾಗಿತ್ತು. ಆರ್ಡಿಸಳಿಗೆ ಹೇಳಲಾಗದಷ್ಟು ಖುಷಿಯಾಯಿತು, ಮರುಗಳಿಗೆಯೇ ಖಾಲಿ ಮೇಜು ಕಂಡು ಮೈ ಉರಿಯಿತು.

ಅವಳು ಹೋಟೆಲಿನಲ್ಲಿ ದನಿ ಎತ್ತಿದವಳೇ ಅಲ್ಲ. ಹಿಂದೊಮ್ಮೆ ಕೇಕಿನಲ್ಲಿ ಅಂಗಿಯ ಗುಂಡಿ ಸಿಕ್ಕಾಗಲೂ, ತುಂಬಾ ಚೆನ್ನಾಗಿದೆ ಎಂದು ಹೇಳಿ ಗುಂಡಿಯನ್ನು ಪರ್ಸಿನಲ್ಲಿ ಹಾಕಿಕೊಂಡು ಬಂದಿದ್ದಳು. ಈಗ ಎದ್ದು ನಿಂತಳು.

"ಡ್ವೇನ್, ತಪ್ಪು ತಿಳ್ಕೋಬೇಡ, ಅಡುಗೆ ತುಂಬಾ ಚೆನ್ನಾಗಿದೆ," ಅಂದಳು. ಅಲ್ಲಿ ಎಂಥ ಜಗಳವೂ ಶುರುವಾಗುವುದೇ ಹೀಗೆ. "ಆದ್ರೆ ನೀನು ಮಾಡ್ತಿರೋದು ಮೋಸ ಕಣೋ."

"ಮೋಸ ಏನ್ ಬಂತು ಆರ್ಡಿಸಮ್ಮ? ಸಾಕು ಅನ್ನೋವರ್ಗೂ ಅಂತ ಬೋರ್ಡಲ್ಲೇ ಇದೆ. ಅವ್ರೇ ಸಾಕು ಅಂದ್ರು. ನಾನೇನ್ ಬಾಯಿಗೆ ತುರುಕ್ಲಾ?"

"ನಿಮ್ಮಮ್ಮ ತುರುಕ್ತಿದ್ಲು. ಒಂದ್ಸಲ ಕೇಳಿ ಓಡಿಹೋಗೋದಕ್ಕೆ ಈ ಊರಲ್ಲಿ ಕೇಳೋದು ಅನ್ನಲ್ಲ. ನಮ್ಮ ಸಂಕೋಚಾನೇ ಬಂಡವಾಳ ಮಾಡ್ಕೊಂಡಿದೀಯ ನೀನು."

ಡ್ವೇನ್ ನಕ್ಕು, ಯಾರಿಗೆ ಹೊಟ್ಟೆ ತುಂಬಿಲ್ಲವೋ ಅವರು ಕೈ ಎತ್ತಲಿ ನೋಡೋಣ ಅಂದ. ಒಂದು ಕೈಯೂ ಏಳಲಿಲ್ಲ. ಚರ್ಚಿನ ಪಾದ್ರಿ ಛಾವಣಿ ನೋಡುತ್ತ ಕುಳಿತರು. ಪಕ್ಕದ ಮೇಜಿನವರು ಉಪ್ಪಿನ ಡಬ್ಬಿಯನ್ನು ಇದೇ ಮೊದಲು ಕಂಡವರ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು. ವರ್ಲಿನನಂತೂ ಎರಡೂ ಕೈಗಳ ಮೇಲೆ ಕುಳಿತುಬಿಟ್ಟಿದ್ದ. ಆರ್ಡಿಸಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ತಟ್ಟನೆ ಹೊಳೆಯಿತು: ಈ ಆಸಾಮಿ ಈಗಲೂ ಕೇಳಿದ್ದು ಒಂದೇ ಸಲ.

"ಇನ್ನೊಂದ್ಸಲ ಕೇಳು," ಅಂದಳು.

ಬೇರೆ ದಾರಿಯಿಲ್ಲದೆ ಡ್ವೇನ್ ಕೇಳಿದ. ಮೂಲೆಯಿಂದ ಯಾರೋ, ನಿನಗೆ ತೊಂದರೆ ಆಗೋದಾದ್ರೆ ಬೇಡಪ್ಪ ಅಂದರು. ಪಾದ್ರಿಗಳ ಬೆರಳು ಸ್ವಲ್ಪ ಅಲ್ಲಾಡಿತು. ಮುಂದೇನಾಗುತ್ತದೆಂದು ಡ್ವೇನನಿಗೆ ಗೊತ್ತಿತ್ತು, ಅವನು ಬಾಯಿಗೆ ಬೀಗ ಹಾಕಿಕೊಂಡ. ಮೂರನೆಯ ಸಲ ಆರ್ಡಿಸಳೇ ಕೇಳಿದಳು. ಇಡೀ ಹೋಟೆಲು ಕೈ ಎತ್ತಿತು. ಪಾದ್ರಿಗಳು ಎರಡೂ ಕೈ ಎತ್ತಿದರು. ಅಡುಗೆಮನೆಯ ಕಿಂಡಿಯಿಂದ ಡ್ವೇನನ ಹೆಂಡತಿಯ ಕೈಯೂ ಮೇಲಕ್ಕೆ ಬಂತು.

ಡ್ವೇನ್ ಬೋಗುಣಿ ತುಂಬಿಸಿಕೊಂಡು ಬಂದ. ವರ್ಲಿನ್ ಬೇಡ ಅಂದ, ಯಾಕೆ ತೊಂದರೆ ಅಂದ, ಇಷ್ಟು ಹೇಳ್ತೀಯಂದ್ರೆ ಒಂಚೂರು ಅಂದ. ಡ್ವೇನ್ ಹಲ್ಲು ಕಚ್ಚಿಕೊಂಡು ಮೂರೂ ಸಲ ನಿಂತು ಕೇಳಿ ಬಡಿಸಿದ. ಆ ತಟ್ಟೆಯೂ ಖಾಲಿಯಾಯಿತು. ಡ್ವೇನ್ ಮತ್ತೆ ಬಂದು, ಸೋತ ದನಿಯಲ್ಲಿ, ಇನ್ನೂ ಹಾಕ್ಲಾ ಅಂದ.

"ಹ್ಞೂಂ, ಹಾಕು," ಅಂದ ವರ್ಲಿನ್.

ಮೊದಲನೇ ಸಲಕ್ಕೇ. ಇಡೀ ಹೋಟೆಲು ತಿರುಗಿ ನೋಡಿತು. ನಾಚಿಕೆಯಿಂದ ಆರ್ಡಿಸಳ ಕಿವಿಯವರೆಗೂ ಕೆಂಪೇರಿತು, ಜೊತೆಗೆ ಕಣ್ಣೂ ತುಂಬಿತು. ಅವಳು ಡ್ವೇನನ ಕೈಯಿಂದ ಸೌಟು ಕಿತ್ತುಕೊಂಡು ಗಂಡನಿಗೆ ತಾನೇ ಬಡಿಸಿದಳು.