ಒಬ್ಬಳ ರಕ್ತ

"ಗ್ಲೌಸ್ ಹಾಕ್ಕೊಂಡು ಬಡಿಯೇ, ಗಲೀಜು ಮುಂಡೆ," ಎಂದು ನಮ್ಮ ಪಿಜಿಯ ಮಾಲೀಕರಾದ ಬದರಿನಾಥ್ ಸಾರ್ ಒಂದು ಜೊತೆ ಗ್ಲೌಸನ್ನು ರೊಟ್ಟಿ ಬಡಿಯುತ್ತಿದ್ದ ದಾನಮ್ಮನ ಹಿಟ್ಟಿನ ಮೇಲೆ ಎಸೆದರು. ಅವರ ಇನ್ನೊಂದು ಕೈಯಲ್ಲಿ, ಬಸುರಿಯರಿಗೆ ದವಾಖಾನೆಯಲ್ಲಿ ಕೊಡುವ ಅವಳ ‘ತಾಯಿ ಕಾರ್ಡ್’ ಇತ್ತು. ಮೊಳೆಗೆ ನೇತುಹಾಕಿದ್ದ ಅವಳ ಚೀಲದೊಳಗೆ ಕೈಹಾಕಿ ತೆಗೆದದ್ದು. ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ ಸಿಫಿಲಿಸ್ ಎಂದು ಬರೆದಿತ್ತು.

ಗ್ಲೌಸು ಹಾಕಿಕೊಂಡು ಜೋಳದ ರೊಟ್ಟಿ ಬಡಿದವರನ್ನು ನಾನಂತೂ ಕಂಡಿಲ್ಲ. ಹಿಟ್ಟು ಅಂಟಿ ರೊಟ್ಟಿ ಹರಿಯುತ್ತದೆ. ಅದು ಸಾರ್‌ಗೂ ಗೊತ್ತು. ಅವಳ ಕೈ ಅವರಿಗೆ ಹೊಲಸು, ಆದರೆ ಆ ಕೈಯ ರೊಟ್ಟಿ ಬೇಕು. ಬಿಟಿಎಂನಲ್ಲಿ ಇಷ್ಟೊಂದು ಪಿಜಿಗಳಿದ್ದರೂ ಅರ್ಧ ಹುಡುಗರು ಇಲ್ಲಿ ರೂಮು ಹಿಡಿದಿರುವುದೇ ಅದಕ್ಕಾಗಿ.

"ರೊಟ್ಟಿ ತಿಂದ್ರ ಬರೂ ಬ್ಯಾನಿ ಅಲ್ಲರೀ ಅದು. ನರ್ಸಕ್ಕಾರು ಹೇಳ್ಯಾರ," ಎಂದಳು ದಾನಮ್ಮ.

"ಯಾವನ ಜೊತೆ ಮಲಗಿದ್ರೆ ಬರತ್ತೆ ಅಂತ ನಂಗೊತ್ತು ಬಿಡು."

ಅವಳು ಗ್ಲೌಸು ಬದಿಗೆ ಸರಿಸಿದಳು. ಅವಳಿಗೆ ಜಗಳ ಬೇಕಿರಲಿಲ್ಲ, ಮಧ್ಯಾಹ್ನ ಒಂದಕ್ಕೆ ಮುಚ್ಚುವುದರೊಳಗೆ ಸಾರಕ್ಕಿಯ ಸರ್ಕಾರಿ ದವಾಖಾನೆ ಮುಟ್ಟಬೇಕಿತ್ತು. ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಎರಡಾಗಿತ್ತು, ಮೂರನೆಯದು ಇವತ್ತು. ತಪ್ಪಿದರೆ ಮತ್ತೆ ಮೊದಲನೆಯದರಿಂದ ಶುರು ಮಾಡಬೇಕು ಎಂದು ನರ್ಸ್ ಸೀತಾಲಕ್ಷ್ಮಿ ಹೇಳಿದ್ದರು. ಹೊಟ್ಟೆಯಲ್ಲಿ ಐದು ತಿಂಗಳ ಕೂಸಿತ್ತು.

ಸಾರ್ ಗಡಿಯಾರ ನೋಡಿದರು. ಹನ್ನೊಂದೂವರೆ. ಲ್ಯಾಬಿನವಳು ಬಂದು ಹೋಗಿ ಊಟ ಮುಗಿಯುವವರೆಗೆ ಯಾರೂ ಗೇಟು ದಾಟಬಾರದು ಎಂದರು. ಅಡುಗೆಮನೆಯವರ ಆರೋಗ್ಯ ಪತ್ರ ಪ್ರತಿ ವರ್ಷ ಹೊಸದಾಗಬೇಕಲ್ಲ, ಅದಕ್ಕೆ.

ಈ ಪತ್ರದ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಡುಗೆಮನೆಯಲ್ಲಿ ನಾವು ಮೂವರು: ದಾನಮ್ಮ, ಇನ್ನೂ ಮದುವೆಯಾಗದ ಮಧುಮತಿ, ಮತ್ತು ಮಂಗಮ್ಮ ಎಂಬ ನಾನು. ಹೋದ ವರ್ಷ ಸಾರ್ ಮಧುಮತಿಯೊಬ್ಬಳ ತೋಳಿನಿಂದಲೇ ಮೂವರ ಹೆಸರಿಗೂ ರಕ್ತ ತೆಗೆಸಿದ್ದರು. ವಯಸ್ಸಿನ ಹುಡುಗಿ, ರಿಪೋರ್ಟು ಸಲೀಸಾಗಿ ಬರುತ್ತದೆ ಎಂದು. ನಮಗೆ ಸೂಜಿ ತಪ್ಪಿತಲ್ಲ ಎಂದು ನಾನೂ ದಾನಮ್ಮನೂ ನಕ್ಕೆವು. ಮಧುಮತಿಗೆ ನಾನೇ ಒಂದು ಲೋಟ ಹಾಲು ಕಾಸಿ ಕೊಟ್ಟೆ. ನಾಲ್ಕನೆಯ ದಿನ ಗೋಡೆಗೆ ಮೂರು ಪತ್ರ ಬಂದವು. ಮೂವರಿಗೂ ಯಾವ ರೋಗವೂ ಇಲ್ಲ.

ಅದಕ್ಕೂ ಮೊದಲು ದಾನಮ್ಮನ ಅಂಗೈ ತುಂಬ ಕಂದು ಕಲೆ ಎದ್ದಿದ್ದವು. ಕೆರೆತವಿಲ್ಲ, ನೋವಿಲ್ಲ. ಹೆಂಚಿನ ಕಾವು ಎಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು, ತಾವಾಗಿಯೇ ಹೋದವು. ರೋಗ ಹೋಗಿರಲಿಲ್ಲ, ಒಳಗೆ ಕೂತಿತ್ತು. ಪತ್ರ ಬಂದಾಗ ಅವಳು ಬಸುರಿ. ದವಾಖಾನೆಯಲ್ಲಿ ರಕ್ತ ಕೊಡಬೇಕು ಎಂದು ರಜೆ ಕೇಳಿದರೆ ಸಾರ್ ಗೋಡೆ ತೋರಿಸಿದರು: ಮಾಡಿಸಿದ್ದೀನಲ್ಲ, ಇನ್ನೆಷ್ಟು ಸಲ? ರಕ್ತ ತನ್ನದಲ್ಲವೆಂದು ಗೊತ್ತಿದ್ದರೂ, ನೋವಿಲ್ಲ, ಕಲೆಯೂ ಹೋಗಿದೆ ಎಂದು ಅವಳೂ ಸುಮ್ಮನಾದಳು. ಏಳನೆಯ ತಿಂಗಳಲ್ಲಿ ಕೂಸು ಸತ್ತೇ ಹುಟ್ಟಿತು. ಗ್ರಹಣದ ದಿನ ಹೊರಗೆ ಬಂದಿದ್ದಳು ಎಂದು ಅತ್ತೆ ದುಂಡವ್ವ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈ ಸಲ ಬಸುರಾದಾಗ ಸೀತಾಲಕ್ಷ್ಮಿ ಗೋಡೆಯ ಪತ್ರ ಒಪ್ಪಲಿಲ್ಲ, ಅವಳ ಬೆರಳನ್ನೇ ಚುಚ್ಚಿದರು. ಆಗ ರೋಗ ಸಿಕ್ಕಿತು. ಬೇಗ ಗೊತ್ತಾಗಿದೆ, ಮೂರೂ ತಗೊಂಡರೆ ಕೂಸು ಉಳಿಯುತ್ತದೆ ಎಂದರು. ಗಂಡ ಸಂಗಮೇಶನೂ ತೋರಿಸಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ ಎಂದೂ ಹೇಳಿದರು. ಅವನು ಮೊದಲು ತಾಟು ಎಸೆದ. ಮೂರನೆಯ ದಿನ ತಾನೇ ಹೋಗಿ ತಲೆ ತಗ್ಗಿಸಿ ಚುಚ್ಚಿಸಿಕೊಂಡು ಬಂದ.

ಲ್ಯಾಬಿನ ಲಿಖಿತಾ ಬಂದಾಗ ಹನ್ನೆರಡು ದಾಟಿತ್ತು. ಸಾರ್ ಕಣ್ಣಲ್ಲೇ ಮಧುಮತಿಯನ್ನು ತೋರಿಸಿದರು. ಅವಳು ಅಭ್ಯಾಸವಾದವಳ ಹಾಗೆ ತೋಳು ಚಾಚಿದಳು. ಒಂದು ಕೊಳವೆ ತುಂಬಿತು, ಎರಡು, ಮೂರು. ಲಿಖಿತಾ ಯಾರ ಮುಖವನ್ನೂ ನೋಡದೆ ಹೆಸರು ಬರೆದಳು.

ದಾನಮ್ಮ ಹಿಟ್ಟಿನ ಕೈಯಲ್ಲೇ ತನ್ನ ಹೆಸರಿನ ಕೊಳವೆ ಎತ್ತಿಕೊಂಡಳು. "ಯಾರ ರಕ್ತರೀ ಇದು?"

"ಮುಚ್ಕೊಂಡು ಇಡೇ ಅದನ್ನ."

"ನನ್ನ ಹೆಸರ ಬರದೈತಿ. ಯಾರ ರಕ್ತ?"

ಸಾರ್ ಲಿಖಿತಾಳಿಗೆ ಚೀಲ ಮುಚ್ಚಲು ಸನ್ನೆ ಮಾಡಿದರು.

"ಹ್ವಾದ ವರ್ಷಾನೂ ಇದನ್ನ ಮಾಡಿದ್ರಿ. ನಿಮ್ಮ ಕಾಗದದ ಸಲುವಾಗಿ ನನ್ನ ಕೂಸಿನ್ನ ಮಣ್ಣಾಗ ಇಟ್ನಿ."

ಮುಚ್ಚಳ ಕಿತ್ತು ರಕ್ತವನ್ನು ಸಿಂಕಿಗೆ ಸುರಿದಳು. ಗೋಡೆಯಿಂದ ತನ್ನ ಪತ್ರ ಹರಿದುಕೊಂಡಳು. ಸಾರ್ ಬಾಗಿಲಿಗೆ ಅಡ್ಡ ನಿಂತರು. ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಸೇರಿಸುವುದಿಲ್ಲ, ರೋಗದ ವಿಷಯ ಬೀದಿಗೆಲ್ಲ ಹೇಳುತ್ತೇನೆ ಎಂದರು.

"ಹೇಳ್ರಿ. ಮೂರು ಮಂದಿ ಹೆಸರಿಗೆ ಒಬ್ಬಾಕಿ ರಕ್ತ ಹಿಂಡಿದ್ದೂ ಹೇಳ್ರಿ."

ನನಗೆ ಭಯವಾಗಿತ್ತು, ಸುಳ್ಳೇಕೆ. ಆದರೂ ಹೆಂಚಿನ ಕೆಳಗಿನ ಗ್ಯಾಸು ಆರಿಸಿದೆ. ಮೇಲೆ ಅರೆಬೆಂದ ರೊಟ್ಟಿ ಇತ್ತು. ನಾವು ಮೂವರೂ ಒಟ್ಟಿಗೆ ಬಾಗಿಲಿಗೆ ನಡೆದೆವು. ಸಾರ್ ದಾನಮ್ಮನನ್ನು ತಡೆಯಲು ಕೈ ಚಾಚಿದರು, ಮುಟ್ಟಲು ಹೇಸಿ ಹಿಂದಕ್ಕೆಳೆದುಕೊಂಡರು. ಅಷ್ಟು ಜಾಗ ಸಾಕಾಯಿತು.

ದವಾಖಾನೆ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ. ಸೀತಾಲಕ್ಷ್ಮಿ ಏನೂ ಕೇಳದೆ ದಾನಮ್ಮನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅವರಿಬ್ಬರೂ ಆಚೆಗೆ ಬಂದಾಗ ಬೆಂಚಿನ ಮೇಲೆ ನಾನು ಕೂತಿದ್ದೆ, ನನ್ನ ರಕ್ತವನ್ನೂ ನೋಡಲಿ ಎಂದು ರವಿಕೆಯ ತೋಳು ಮಡಚಿಕೊಂಡು. ಮಧುಮತಿ ಲಿಖಿತಾ ಚುಚ್ಚಿದ ಕಡೆ ಹತ್ತಿ ಒತ್ತಿದ್ದ ಕೈ ಬಿಟ್ಟು ಇನ್ನೊಂದು ಕೈ ಮುಂದೆ ಮಾಡಿದಳು.

ನರ್ಸ್ ಅವಳ ಬೆರಳು ಚುಚ್ಚಿ ಒಂದೇ ಒಂದು ಹನಿ ತೆಗೆದು, ಅವಳ ಹೆಸರು ಬರೆದು, ಹೋಗಿ ಕೂತ್ಕೋ ಎಂದರು. ಮಧುಮತಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇಷ್ಟ ಸಾಕೇನ್ರಿ?" ಎಂದು ಕೇಳಿದಳು.